ಪ್ರಾಜೆಕ್ಟ್ ಮಗುವಿನದು, ಕೆಲಸ ಅಪ್ಪನದು: ಸಣ್ಣ ಶಾಲೆಗೆ ಚಿತ್ರಕಲಾ ಮಾಸ್ತರು ಬರೋದಿಲ್ಲ, ಹಾಗಾದ್ರೆ ಕಲಿಸೋರು ಯಾರು?

ಶಿರಸಿ: ಶಾಲೆ ಶುರುವಾದ ಮೇಲೆ ಯಾವ ದಿನ ಬೇಕಾದರೂ ಸಂಜೆ ಏಳರ ಹೊತ್ತಿಗೆ ಪೇಟೆಯ ಒಂದು ಸ್ಟೇಶನರಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಹೆಲ್ಮೆಟ್ ತೆಗೆಯದೇ ಒಬ್ಬ ಅಪ್ಪ ಬರುತ್ತಾನೆ. "ನಾಳಿಗೆ ಜ್ವಾಲಾಮುಖಿ ಮಾಡ್ಕೊಂಡು ಹೋಗ್ಬೇಕಂತೆ, ಏನೇನ್ ಬೇಕು ಕೊಟ್ಬಿಡಿ ಮಾರಾಯ್ರೆ." ಅಂಗಡಿಯವರಿಗೆ ಲಿಸ್ಟು ಬಾಯಿಪಾಠ. ಥರ್ಮೋಕೋಲ್ ಶೀಟು, ಫೆವಿಕಾಲ್, ಪೋಸ್ಟರ್ ಕಲರ್, ಮಿಂಚುವ ಕಾಗದ, ಸ್ಕೆಚ್ ಪೆನ್. "ಮಾಡಿಟ್ಟದ್ದೇ ಸಿಗ್ತದ್ಯಾ?" ಅಂತ ಕೇಳುವವರೂ ಇದ್ದಾರೆ. ಯಾರ ಪ್ರಾಜೆಕ್ಟೋ ಆ ಹುಡುಗ ಬೈಕಿನ ಮೇಲೆ ಕೂತು ಚಾಕಲೇಟ್ ತಿನ್ನುತ್ತಿರುತ್ತಾನೆ. ರಾತ್ರಿ ಹನ್ನೊಂದಕ್ಕೆ ಜ್ವಾಲಾಮುಖಿ ತಯಾರಾಗುತ್ತದೆ. ಬೆಳಿಗ್ಗೆ ಅದಕ್ಕೆ ಹುಡುಗನ ಹೆಸರಿನ ಚೀಟಿ ಅಂಟುತ್ತದೆ.

ಇದು ಪೇಟೆ ಶಾಲೆಯ ಕಥೆ. ಸಿದ್ದಾಪುರದ ಹೆಗ್ಗರಣೆ ಕಡೆಗೋ ಯಲ್ಲಾಪುರದ ಇಡಗುಂದಿ ಕಡೆಗೋ ಹೋದರೆ ಕಾಣುವುದು ಇನ್ನೊಂದು ತುದಿ. ಇಬ್ಬರೇ ಶಿಕ್ಷಕರಿರುವ ಸಣ್ಣ ಶಾಲೆ. ಶನಿವಾರ ಕೊನೇ ಪೀರಿಯಡ್ಡಿಗೆ "ಚಿತ್ರ ಬಿಡ್ಸಿ ಮಕ್ಳೇ" ಅಂತ ಹೇಳಿ ಅಕ್ಕೋರು ಬಿಸಿಯೂಟದ ಲೆಕ್ಕ ಬರೆಯಲು ಕೂರಬೇಕು. ಅವರನ್ನು ದೂರುವ ಹಾಗಿಲ್ಲ, ಲೆಕ್ಕ ಅವತ್ತೇ ಮುಗಿಯಬೇಕು. ಆದರೆ ಎರಡು ಕಡೆಯಲ್ಲೂ ಆದದ್ದು ಒಂದೇ. ಪೇಟೆಯಲ್ಲಿ ಮಗುವಿನ ಕೈ ಕೆಲಸವನ್ನು ಅಪ್ಪ ಮಾಡಿದ, ಹಳ್ಳಿಯಲ್ಲಿ ಕೆಲಸವೇ ಹುಟ್ಟಲಿಲ್ಲ.

ಆರರಿಂದ ಹತ್ತು ವರ್ಷದ ಮಕ್ಕಳಿಗೆ ಕಲೆ ಅಂದರೆ ಕೈ ಮಣ್ಣಾಗುವ, ಬಣ್ಣ ಮೆತ್ತುವ, ಕತ್ತರಿಸಿ ಅಂಟಿಸುವ ಕೆಲಸ. ನೋಡಿ ತಿದ್ದುವುದಲ್ಲ, ಮಾಡಿ ಕಲಿಯುವುದು. ಈ ಮಾತನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದೆ, 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟಿನಲ್ಲೂ ಇದೆ. ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಅಂತ 'ಜಾದೂಯಿ ಪಿಟಾರಾ' ಅನ್ನುವ ಆಟಿಕೆ ಪೆಟ್ಟಿಗೆಯನ್ನೇ ಬಿಡುಗಡೆ ಮಾಡಿತು. ಕಾಗದದ ಮೇಲೆ ಕೊರತೆ ಏನೂ ಇಲ್ಲ. ಕೊರತೆ ಇರುವುದು ನಮ್ಮ ಶಾಲೆಯ ಟೈಮ್ ಟೇಬಲ್ಲಿನಲ್ಲಿ ಮತ್ತು ಇದನ್ನು ಮಾಡಿಸುವವರಲ್ಲಿ.

ನೂರು ಮಕ್ಕಳ ಲೆಕ್ಕ

ಚಿತ್ರಕಲಾ ಮಾಸ್ತರು ಅಂದರೆ ನಮ್ಮಲ್ಲಿ ಹೈಸ್ಕೂಲಿನ ಮಾತು. ಪ್ರೈಮರಿಗೆ ಯಾಕೆ ಇಲ್ಲ ಅಂತ ಎಸ್‌ಡಿಎಂಸಿ ಸಭೆಗಳಲ್ಲಿ ಆಗಾಗ ಕೇಳುವವರಿರುತ್ತಾರೆ. "ಸರ್ಕಾರ ಕೊಟ್ಟಿಲ್ಲ" ಅಂತ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಸ್ವಲ್ಪ ಒಳಗೆ ಹೋಗಿ ನೋಡಿದರೆ ಸಂಗತಿ ಬೇರೆಯೇ ಇದೆ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಶಾಲೆಗೆ ಎಷ್ಟು ಶಿಕ್ಷಕರು, ಎಷ್ಟು ಕೋಣೆ, ಎಷ್ಟು ಗಂಟೆ ಪಾಠ ಎಲ್ಲ ಅದರಲ್ಲೇ ಬರೆದಿದೆ. ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣ ಈ ಮೂರಕ್ಕೂ ಅರೆಕಾಲಿಕ ಬೋಧಕರು ಇರಬೇಕು ಅಂತ ಅಲ್ಲಿ ಹೇಳಿದೆ. ಆದರೆ 6ರಿಂದ 8ನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ 100 ದಾಟಿದರೆ ಮಾತ್ರ. 1ರಿಂದ 5ನೇ ತರಗತಿಗೆ ಮಕ್ಕಳು ಎಷ್ಟೇ ಇರಲಿ, ಕಲೆಗೆ ಅಂತ ಪ್ರತ್ಯೇಕ ಜನ ಅನ್ನುವ ಮಾತೇ ಇಲ್ಲ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅಷ್ಟೇ.

ಈ ನೂರರ ಲೆಕ್ಕ ಬಯಲುಸೀಮೆಯ ದೊಡ್ಡ ಊರಿಗೆ ಹೊಂದಬಹುದು. ಒಂದು ಮಜರೆಯಿಂದ ಇನ್ನೊಂದಕ್ಕೆ ಎರಡು ಮೈಲಿ ಕಾಡು ದಾಟಬೇಕಾದ ನಮ್ಮ ಕಡೆಗೆ ಹೊಂದುವುದಿಲ್ಲ. ಒಂದರಿಂದ ಐದರವರೆಗೆ ಎಲ್ಲ ಸೇರಿಸಿದರೂ ಹತ್ತು-ಹದಿನೈದು ಮಕ್ಕಳಿರುವ ಶಾಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಹೊಸ ವಿಷಯವಲ್ಲ. ಅಂದರೆ ಇಂಥ ಶಾಲೆಗೆ ಕಲಾ ಶಿಕ್ಷಕರು ಇವತ್ತು ಬಂದಿಲ್ಲ ಅಂತಲ್ಲ, ಈ ಕಾನೂನಿನ ಪ್ರಕಾರ ಯಾವತ್ತೂ ಬರುವುದಿಲ್ಲ.

"ಹಾಗಾದ್ರೆ ಸಣ್ಣ ಶಾಲೆ ಎಲ್ಲ ಸೇರ್ಸಿ ದೊಡ್ಡದು ಮಾಡಿದ್ರೆ ಆಯ್ತಲ್ಲ" ಅನ್ನುವ ವಾದ ಉಂಟು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡಿನಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಸರ್ಕಾರ ಹೆಚ್ಚಿಸಲು ಹೊರಟ ಮೇಲೆ ಈ ಮಾತು ಜೋರಾಗಿದೆ, ಜೊತೆಗೆ ಊರ ಶಾಲೆಯ ಗತಿಯೇನು ಅನ್ನುವ ಭಯವೂ. ಕಲೆಯ ಮಟ್ಟಿಗೆ ಹೇಳುವುದಾದರೆ ಈ ವಾದ ಅರ್ಧ ಮಾತ್ರ ನಿಲ್ಲುತ್ತದೆ. ದೊಡ್ಡ ಶಾಲೆಯಲ್ಲಿ ಆರು-ಏಳು-ಎಂಟರ ಮಕ್ಕಳು ನೂರು ದಾಟಬಹುದು, ಅವರಿಗೆ ಬೋಧಕರನ್ನು ಕೇಳುವ ಹಕ್ಕು ಬರಬಹುದು. ಒಂದನೇ ತರಗತಿಯ ಮಗುವಿಗೆ ಅಲ್ಲಿ ಹೋದರೂ ಅದೇ ಕ್ಲಾಸ್ ಟೀಚರ್. ಅದಕ್ಕಾಗಿ ಆ ಮಗು ದಿನಾ ಬೆಳಿಗ್ಗೆ ವ್ಯಾನು ಹತ್ತಬೇಕು ಅಷ್ಟೇ ವ್ಯತ್ಯಾಸ.

ಕ್ಲಾಸ್ ಟೀಚರೇ ಮಾಡಿಸಬೇಕಾಗಿ ಬಂದದ್ದು ಕೆಟ್ಟದ್ದು ಅಂತಲೂ ಹೇಳಲಾಗದು. ಜಪಾನಿನ ಪ್ರೈಮರಿ ಶಾಲೆಗಳಲ್ಲಿ 'ಬರೆಯುವುದು ಮತ್ತು ಮಾಡುವುದು' ಅನ್ನುವ ಅರ್ಥದ ಹೆಸರಿನ ವಿಷಯವೇ ಇದೆ. ಒಂದನೇ ತರಗತಿಗೆ ವರ್ಷದ 850 ಪೀರಿಯಡ್ಡಿನಲ್ಲಿ 68 ಅದಕ್ಕೇ ಮೀಸಲು. ಕೆಳಗಿನ ತರಗತಿಗಳಲ್ಲಿ ಅದನ್ನು ಮಾಡಿಸುವವರು ಹೆಚ್ಚಾಗಿ ಕ್ಲಾಸ್ ಟೀಚರೇ. ಅಲ್ಲಿಯೂ ಇಲ್ಲಿಯೂ ಮನುಷ್ಯರು ಒಂದೇ. ವ್ಯತ್ಯಾಸ ಏನೆಂದರೆ ಆ 68 ಪೀರಿಯಡ್ಡನ್ನು ಅಲ್ಲಿ ಯಾರೂ ಗಣಿತಕ್ಕೆ ಕಿತ್ತುಕೊಳ್ಳುವುದಿಲ್ಲ.

ಎರಡು ಗುಡ್ಡ, ಒಂದು ಸೂರ್ಯ

ನಮ್ಮ ಯಾವ ಶಾಲೆಯ ಮಗುವಿಗಾದರೂ ಒಂದು ಖಾಲಿ ಹಾಳೆ ಕೊಟ್ಟು "ನಿಂಗೆ ಬೇಕಾದ್ದು ಬರಿ" ಅನ್ನಿ. ತ್ರಿಕೋನದ ಎರಡು ಗುಡ್ಡ ಬರುತ್ತದೆ. ನಡುವೆ ಅರ್ಧ ಸೂರ್ಯ. ಅಲ್ಲಿಂದಲೇ ಇಳಿಯುವ ಹೊಳೆ, ಪಕ್ಕದಲ್ಲಿ ಹುಲ್ಲಿನ ಗುಡಿಸಲು, ಒಂದು ತೆಂಗಿನಮರ, ಆಕಾಶದಲ್ಲಿ ಟಿಕ್ ಮಾರ್ಕಿನ ಹಾಗೆ ನಾಲ್ಕು ಹಕ್ಕಿ. ಶಿರಸಿಯ ಮಗು ಬರೆದರೂ ಇದೇ, ಬೀದರಿನ ಮಗು ಬರೆದರೂ ಇದೇ.

ಆ ಮಗುವಿನ ಮನೆ ಹಂಚಿನದು. ಅಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟ, ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ತೆಂಗಿಗಿಂತ ಹತ್ತು ಪಾಲು ಅಡಿಕೆಮರ. ಮಳೆಗಾಲದಲ್ಲಿ ಸೂರ್ಯ ಕಾಣುವುದೇ ಅಪರೂಪ. ಇದೊಂದೂ ಚಿತ್ರಕ್ಕೆ ಬರುವುದಿಲ್ಲ. ಯಾಕೆಂದರೆ ಮಗು ಬರೆಯುತ್ತಿರುವುದು ನೋಡಿದ್ದನ್ನಲ್ಲ, ಬೋರ್ಡಿನ ಮೇಲೆ ಒಮ್ಮೆ ಬರೆದು ತೋರಿಸಿದ್ದನ್ನು.

ಮಕ್ಕಳ ಚಿತ್ರಗಳ ಬಗ್ಗೆ ವಿಕ್ಟರ್ ಲೋವೆನ್‌ಫೆಲ್ಡ್ ಅನ್ನುವವರು 1947ರಲ್ಲೇ ಒಂದು ಪುಸ್ತಕ ಬರೆದರು, ಇವತ್ತಿಗೂ ಶಿಕ್ಷಕರ ತರಬೇತಿಯಲ್ಲಿ ಅವರ ಹೆಸರು ಬರುತ್ತದೆ. ಮಗು ಮೊದಲು ಗೀಚುತ್ತದೆ, ನಾಲ್ಕರಿಂದ ಏಳರ ಒಳಗೆ ತನ್ನದೇ ಆಕಾರ ಹುಡುಕುತ್ತದೆ, ಏಳರಿಂದ ಒಂಬತ್ತರಲ್ಲಿ ಮನುಷ್ಯ ಹೀಗೆ, ಮರ ಹೀಗೆ ಅಂತ ತನ್ನದೊಂದು ರೀತಿ ಕಟ್ಟಿಕೊಳ್ಳುತ್ತದೆ ಅನ್ನುವುದು ಅವರ ಮಾತಿನ ಸಾರ. ನಮ್ಮಲ್ಲಿ ಆಗುವುದೇನೆಂದರೆ ಮಗು ತನ್ನ ಮರವನ್ನು ಹುಡುಕಿಕೊಳ್ಳುವ ಮೊದಲೇ ದೊಡ್ಡವರ ಮರ ಅದರ ಕೈಗೆ ಬಂದಿರುತ್ತದೆ. ಆಮೇಲೆ ತಿದ್ದುವುದು ಕಷ್ಟ. ಹತ್ತನೇ ತರಗತಿವರೆಗೂ ಅದೇ ಗುಡ್ಡ, ಅದೇ ಸೂರ್ಯ.

ಬಣ್ಣ ತುಂಬುವ ಪುಸ್ತಕ ಮಾರುವ ಅಂಗಡಿಯವರು ಬೇಸರ ಮಾಡಿಕೊಳ್ಳಬಾರದು, ಆ ಪುಸ್ತಕವೂ ಇದೇ ಕೆಲಸ ಮಾಡುತ್ತದೆ. ಗೆರೆ ಬೇರೆ ಯಾರದ್ದೋ, ಮಗುವಿಗೆ ಉಳಿದದ್ದು ಗೆರೆ ದಾಟದಿರುವ ಕೆಲಸ.

ಬುಟ್ಟಿಯ ಮೇಲೆ ಇರುವ ಪಾಠ

ಹಾಗಾದರೆ ಮಾಡಿಸುವುದು ಏನು? ಇಲ್ಲಿ ನಮ್ಮ ಮೂರು ತಾಲೂಕು ಉಳಿದ ಕಡೆಗಿಂತ ಶ್ರೀಮಂತ. ಅದನ್ನು ನಾವು ಶಾಲೆಯ ಗೇಟಿನ ಹೊರಗೇ ಬಿಟ್ಟಿದ್ದೇವೆ.

ಸಿದ್ದಾಪುರ, ಶಿರಸಿ ಮತ್ತು ಪಕ್ಕದ ಸಾಗರ, ಸೊರಬದ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆ ಬಂತೆಂದರೆ ಬುಟ್ಟಿ ಬರೆಯುವ ಕೆಲಸ ಶುರು. ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಅರೆದ ಅಕ್ಕಿಯ ಬಿಳಿಯಲ್ಲಿ ಗೆರೆ ಎಳೆಯುತ್ತಾರೆ. ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕೂ ಇದೇ ಸಾಮಾನು. ಬಿಳಿಗೆ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಹುರಿದು ಕರಕಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬ್ರಶ್ಶು ಪುಂಡಿ ನಾರಿನದು. ಒಂದು ರೂಪಾಯಿಯ ಸಾಮಾನೂ ಪೇಟೆಯಿಂದ ಬರಬೇಕಾಗಿಲ್ಲ.

ಇದರಲ್ಲಿ ಒಂದು ಮಜಾ ಇದೆ. ಅಕ್ಕಿ ನೀರಿನ ಗೆರೆ ಎಳೆದ ಕೂಡಲೇ ಸರಿಯಾಗಿ ಕಾಣುವುದಿಲ್ಲ. ಒಣಗಿದ ಮೇಲೆ ಬೆಳ್ಳಗೆ ಎದ್ದು ಬರುತ್ತದೆ. ಮಗು ಮೊದಲ ಸಲ ಬರೆದಾಗ "ಅಕ್ಕೋರೆ, ಬರ್ಲೇ ಇಲ್ಲ" ಅನ್ನುತ್ತದೆ, ಊಟ ಮುಗಿಸಿ ಬಂದು ನೋಡಿದರೆ ಬಂದಿರುತ್ತದೆ. ಹಿಟ್ಟು ತೆಳುವಾದರೆ ಒಣಗಿದರೂ ಕಾಣದು, ದಪ್ಪವಾದರೆ ಸಿಪ್ಪೆ ಏಳುತ್ತದೆ. ಎಷ್ಟು ನೀರು ಅನ್ನುವುದನ್ನು ಎರಡು ಸಲ ಕೆಡಿಸಿಯೇ ಕಲಿಯಬೇಕು. ಆ ಚಿತ್ತಾರದ ಗೆರೆಗಳನ್ನು ನೋಡಿದರೆ ಅರ್ಧ ಗಣಿತ ಪುಸ್ತಕ ಅಲ್ಲೇ ಇದೆ. ಸಮಾನಾಂತರ ಗೆರೆ, ತ್ರಿಕೋನ, ಚೌಕ, ಒಂದೇ ಆಕಾರ ಮತ್ತೆ ಮತ್ತೆ ಬರುವ ಸಾಲು, ಎಡಕ್ಕೆ ಇದ್ದಂತೆ ಬಲಕ್ಕೆ. ಮೂರು-ನಾಲ್ಕನೇ ತರಗತಿಯ ಗಣಿತದಲ್ಲಿ ವಿನ್ಯಾಸಗಳು ಅಂತ ಬೇರೆ ಪಾಠ ಮಾಡುತ್ತೇವಲ್ಲ, ಅದೇ ಇದು.

ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಇನ್ನೊಂದು. ಹಳೇ ಸೀರೆ, ಅಂಗಿ, ಚಡ್ಡಿ ಯಾವುದೂ ದಂಡವಾಗುವುದಿಲ್ಲ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಹೂವು ಅಂತ ಕರೆಯುವ ಮಡಿಚಿದ ತ್ರಿಕೋನ. ಈ ಕೌದಿಗಳು ಈಗ ಪ್ರದರ್ಶನಗಳಿಗೆ ವಿದೇಶಕ್ಕೂ ಹೋಗುತ್ತವೆ. ಎರಡನೇ ತರಗತಿಯ ಮಗುವಿನ ಕೈಗೆ ಸೂಜಿ ಬೇಡ. ಮೊದಲು ಬಣ್ಣದ ಕಾಗದದ ತುಂಡಿನಲ್ಲಿ, ಮೈದಾ ಅಂಟಿನಲ್ಲಿ ಅದೇ ಕ್ರಮದಲ್ಲಿ ಅಂಚಿನಿಂದ ನಡುವಿಗೆ ಅಂಟಿಸಲಿ. ನಾಲ್ಕಕ್ಕೆ ಬಂದಾಗ ದಬ್ಬಣ, ಗೋಣಿಚೀಲದ ತುಂಡು ಕೊಡಬಹುದು. ಯಾವ ಬಣ್ಣದ ಪಕ್ಕ ಯಾವುದು ಅಂತ ಮಗು ತಾನೇ ನಿರ್ಧರಿಸಬೇಕಾಗುತ್ತದೆ, ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸಲು ಬರುವುದಿಲ್ಲ.

ಶಿರಸಿಯಲ್ಲಿ ಗುಡಿಗಾರರಿದ್ದಾರೆ. ಗಂಧದ ಕೆತ್ತನೆ, ಚೌತಿಯ ಗಣಪತಿ, ಬೆಂಡಿನ ಬಾಸಿಂಗ ಎಲ್ಲ ಅವರ ಕೈಯದು. ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ಕಾವಿ ಕಲೆ ಇದೆ. ದೇವಸ್ಥಾನಕ್ಕೆ ಮಗು ನೂರು ಸಲ ಹೋಗಿರುತ್ತದೆ, ಗೋಡೆ ನೋಡು ಅಂತ ಯಾರೂ ಹೇಳಿರುವುದಿಲ್ಲ. ಬನವಾಸಿಯ ಮಕ್ಕಳಿಗೆ ಮಧುಕೇಶ್ವರ ದೇವಸ್ಥಾನದ ಕಲ್ಲಿನ ಮಂಚ ನಡೆದು ಹೋಗುವಷ್ಟು ಹತ್ತಿರ. ಕಾಗದ, ಇದ್ದಿಲು ಹಿಡಿದು ಅದರ ಮುಂದೆ ಒಂದು ಗಂಟೆ ಕೂರಿಸಿದರೆ ಆಯಿತು.

ಬಣ್ಣದ ಮಾತಿಗೆ ಬಂದರೆ ಮಕ್ಕಳಿಗೇ ಹೆಚ್ಚು ಗೊತ್ತು. ಬಸಳೆ ಹಣ್ಣು ಹಿಂಡಿದರೆ ನೇರಳೆ. ತೇಗದ ಚಿಗುರು ಉಜ್ಜಿದರೆ ಕೈ ಕೆಂಪು. ಅರಿಶಿನಕ್ಕೆ ಸುಣ್ಣ ತಾಗಿಸಿದರೆ ಹಳದಿ ಹೋಗಿ ಕೆಂಪಾಗುತ್ತದೆ, ಇದು ವಿಜ್ಞಾನವೂ ಹೌದು. ಅಡಿಕೆ ಬೇಯಿಸಿದ ಚೊಗರು ಪ್ರತಿ ತೋಟದ ಮನೆಯಲ್ಲಿ ಇರುತ್ತದೆ. ಹೆಗ್ಗೋಡಿನ ಹತ್ತಿರದ ಚರಕ ಸಂಸ್ಥೆಯವರು ಇದೇ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಹಾಕಿ ಮಾರುತ್ತಾರೆ. ಶಾಲೆಯಲ್ಲಿ ಚೊಗರು ಬಳಸುವುದಾದರೆ ಒಂದು ಎಚ್ಚರಿಕೆ: ಯೂನಿಫಾರ್ಮಿಗೆ ತಾಗಿದರೆ ಹೋಗುವುದಿಲ್ಲ. ಅಪ್ಪನ ಹಳೇ ಅಂಗಿ ಹಿಂದುಮುಂದಾಗಿ ಹಾಕಿಸಿ ಕೂರಿಸಬೇಕು.

ಯಾರ ಕಲೆ, ಯಾರ ಮಗು

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಕಲೆಗಳೆಲ್ಲ ಒಂದೊಂದು ಜಾತಿಯ ಹೆಸರಿನ ಜೊತೆ ಬಂದವು. ಶಾಲೆಗೆ ಅತಿಥಿಗಳು ಬಂದಾಗಲೆಲ್ಲ ಸಿದ್ದಿ ಮಕ್ಕಳನ್ನು ಕುಣಿಯಲು ಕರೆಯುವ ಅಭ್ಯಾಸ ನಮಗೆ ಹೊಸದಲ್ಲ. ಆ ಮಗುವಿಗೆ ಕುಣಿಯಲು ಇಷ್ಟ ಇದೆಯೋ, ಗಣಿತ ಇಷ್ಟವೋ ಯಾರೂ ಕೇಳುವುದಿಲ್ಲ. ಕೌದಿ ಪಾಠದಲ್ಲೂ ಹಾಗೇ "ಇದು ನಿಮ್ಮವರ ಕಲೆ, ನೀನು ತೋರ್ಸು" ಅಂದರೆ ಕೆಟ್ಟಿತು. ಹೆಗಡೆಯವರ ಮಗನೂ ಕೌದಿ ಅಂಟಿಸಬೇಕು, ಸಿದ್ದಿ ಹುಡುಗಿಯೂ ಕಾವಿ ಗೆರೆ ಎಳೆಯಬೇಕು, ಎಲ್ಲರೂ ಎಲ್ಲದರಲ್ಲಿ ಕೈ ಹಾಕಬೇಕು. ಆಗ ಅದು ಪಾಠ. ಇಲ್ಲದಿದ್ದರೆ ಜಾತಿ ಪರಿಚಯ.

ಹಾಗೆಯೇ ಕಲಿಸಲು ಬರುವ ಅಜ್ಜಿಯ ವಿಷಯ. ಬುಟ್ಟಿ ಬರೆಯುವ ಅಜ್ಜಿಯನ್ನು ಕರೆದು ಶಾಲು ಹೊದೆಸಿ, ಫೋಟೋ ತೆಗೆದು, ವಾಟ್ಸಾಪ್ ಗ್ರೂಪಿಗೆ ಹಾಕಿ ಕಳಿಸಿದರೆ ಅವರ ಅರ್ಧ ದಿನದ ಕೂಲಿ ಹೋಯಿತು, ಮಕ್ಕಳಿಗೆ ಸಿಕ್ಕಿದ್ದು ಭಾಷಣ. ಅವರು ಶಾಲು ಹೊದ್ದು ಕೂರುವುದಕ್ಕಿಂತ ಮಕ್ಕಳ ನಡುವೆ ಚಾಪೆ ಮೇಲೆ ಕೂತು ಬರೆಯಬೇಕು. ಸಂಪನ್ಮೂಲ ವ್ಯಕ್ತಿ ಅಂತ ಪೇಟೆಯಿಂದ ಬರುವವರಿಗೆ ಗೌರವಧನ ಇದ್ದರೆ ಇವರಿಗೂ ಇರಬೇಕು. ಇದರ ಬಗ್ಗೆ ಪಂಚಾಯಿತಿಯಲ್ಲಿ ಮಾತೇ ಎದ್ದಿಲ್ಲ.

ಬಹುಮಾನಕ್ಕೆ ಒಬ್ಬ

ಇಲಾಖೆಯ ಕಡೆಯಿಂದ ಕಾರ್ಯಕ್ರಮಗಳಿಗೆ ಬರ ಇಲ್ಲ. ಪ್ರತಿಭಾ ಕಾರಂಜಿ ಇದೆ. ಅದರಲ್ಲಿ ಚಿತ್ರ, ಬಣ್ಣ, ಮಣ್ಣಿನ ಮಾದರಿ ಎಲ್ಲವೂ ಉಂಟು. ಕ್ಲಸ್ಟರ್, ತಾಲೂಕು, ಜಿಲ್ಲೆ ಅಂತ ಮೇಲೆ ಹೋಗುತ್ತದೆ. ತೊಂದರೆ ಏನೆಂದರೆ ಶಾಲೆಯಿಂದ ಒಂದು ಸ್ಪರ್ಧೆಗೆ ಹೋಗುವುದು ಒಬ್ಬ. ಪ್ರತಿ ವರ್ಷ ಹೆಚ್ಚುಕಡಿಮೆ ಅವನೇ. ಆ ಒಬ್ಬನಿಗೆ ಹದಿನೈದು ದಿನ ತಯಾರಿ, ಉಳಿದವರು ಚಪ್ಪಾಳೆ. ಬಸ್ಸು ಸಿಗದೇ ಕ್ಲಸ್ಟರಿಗೇ ಹೋಗದ ಶಾಲೆಗಳೂ ಉಂಟು.

2023ರ ಆರಂಭದಲ್ಲಿ ಕ್ಲಸ್ಟರ್ ಮಟ್ಟದಲ್ಲಿ ನಡೆದ ಕಲಿಕಾ ಹಬ್ಬ ಬೇರೆ ಥರ ಇತ್ತು. 'ಕಾಗದ-ಕತ್ತರಿ', 'ಮಾಡು-ಆಡು', 'ಹಾಡು-ಆಡು', 'ಊರು ತಿಳಿಯೋಣ' ಅಂತ ಮೂಲೆಗಳು, ಸೋಲು-ಗೆಲುವು ಇಲ್ಲ, ಬಂದ ಮಕ್ಕಳೆಲ್ಲ ಕಾಗದ ಮಡಚಿ ಟೊಪ್ಪಿ ಹಾಕಿಕೊಂಡು ಓಡಾಡಿದ್ದರು. ಹಬ್ಬ ಮುಗಿಯಿತು. ಟೊಪ್ಪಿ ಮನೆಗೆ ಹೋಯಿತು. ಶಾಲೆಯ ವಾರದ ಟೈಮ್ ಟೇಬಲ್ಲಿಗೆ 'ಕಾಗದ-ಕತ್ತರಿ' ಬರಲಿಲ್ಲ. ನಮ್ಮಲ್ಲಿ ಒಳ್ಳೆಯದನ್ನೆಲ್ಲ ಹಬ್ಬ ಮಾಡಿಬಿಡುತ್ತೇವೆ. ಹಬ್ಬ ಅಂದ ಮೇಲೆ ವರ್ಷಕ್ಕೊಂದೇ.

ಇರುವ ಜಾಗವನ್ನು ಬಳಸಿಕೊಂಡರೂ ಸಾಕಷ್ಟು ಆಗುತ್ತದೆ. ತಿಂಗಳ ಮೂರನೇ ಶನಿವಾರ 'ಸಂಭ್ರಮ ಶನಿವಾರ', ಬ್ಯಾಗಿಲ್ಲದ ದಿನ. ಇನ್ನು ಒಂದರಿಂದ ಮೂರನೇ ತರಗತಿಗೆ ನಲಿ-ಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ಬೇರೆ ಬೇರೆ ವಯಸ್ಸಿನವರು ಒಟ್ಟಿಗೇ ಇರುತ್ತಾರೆ, ಚಟುವಟಿಕೆಯೇ ಪಾಠ. ಕೋಣೆಯ ಮೇಲ್ಗಡೆ ದಾರ ಕಟ್ಟಿದ 'ಚಪ್ಪರ' ಇರುತ್ತದೆ. ಮಕ್ಕಳು ಮಾಡಿದ್ದನ್ನು ತೂಗುಹಾಕಲೆಂದೇ ಮಾಡಿದ್ದು ಅದು. ಕೈಕೆಲಸದ ಕಲ��ಗೆ ಇದಕ್ಕಿಂತ ಸರಿಯಾದ ಕ್ಲಾಸು ಬೇರೆ ಬೇಕಾಗಿಲ್ಲ. ಈಗ ಬಹಳ ಚಪ್ಪರಗಳಲ್ಲಿ ತೂಗುತ್ತಿರುವುದು ಹೋದ ವರ್ಷದ, ಅದರ ಹಿಂದಿನ ವರ್ಷದ ರೆಡಿಮೇಡ್ ಹಣ್ಣು-ತರಕಾರಿ ಚಿತ್ರ.

ಶಿಕ್ಷಕರ ಕಡೆಯ ಮಾತನ್ನೂ ಕೇಳಬೇಕು. ಡಿ.ಇಡಿ.ಯಲ್ಲಿ ಕಲಾ ಶಿಕ್ಷಣ ಓದಿ ಬಂದವರೇ ಅವರು, ಬರುವುದಿಲ್ಲ ಅಂತಲ್ಲ. ಬಿಸಿಯೂಟ, ಹಾಲು, ಮೊಟ್ಟೆ, ಬಾಳೆಹಣ್ಣು, ಆನ್‌ಲೈನ್ ಎಂಟ್ರಿ, ಮತದಾರರ ಪಟ್ಟಿ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರೂ ಅವರೇ, ಅದಕ್ಕಾಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದೆ ಹೋಯಿತು. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಮಾಸ್ತರಿಗೆ ವಾಪಸ್ ಬಂದು ಮಣ್ಣು ಕಲಸಿ ಅನ್ನುವುದು ಹೇಗೆ? ಅದರ ಮೇಲೆ ಅಧಿಕಾರಿಗಳು ಬಂದಾಗ ನೋಡುವುದು ಓದು, ಬರಹ, ಲೆಕ್ಕ. ಕಲಾ ಶಿಕ್ಷಣಕ್ಕೂ ಮೌಲ್ಯಮಾಪನದ 'ಭಾಗ-ಬಿ'ಯಲ್ಲಿ ಗ್ರೇಡು ಇದೆ. ಯಾವ ಕೆಲಸ ನೋಡಿ ಆ ಗ್ರೇಡು ಕೊಟ್ಟಿರಿ ಅಂತ ಕೇಳುವವರು ಕಡಿಮೆ.

ಅಂಗಡಿಯ ಲೆಕ್ಕ

ದುಡ್ಡಿನ ಮಾತು. ಸಮಗ್ರ ಶಿಕ್ಷಣದ ಶಾಲಾ ಅನುದಾನ 30ರೊಳಗೆ ಮಕ್ಕಳಿದ್ದರೆ ವರ್ಷಕ್ಕೆ 10 ಸಾವಿರ ರೂಪಾಯಿ, 31ರಿಂದ 100ರವರೆಗೆ 25 ಸಾವಿರ. ಚಾಕ್‌ಪೀಸು, ಪೊರಕೆ, ಸಣ್ಣಪುಟ್ಟ ರಿಪೇರಿ ಎಲ್ಲ ಅದರಲ್ಲೇ. ಕಲೆಗೆ ಅದರಿಂದ ದೊಡ್ಡ ಪಾಲು ತೆಗೆಯಲಾಗದು, ತೆಗೆಯುವ ಅಗತ್ಯವೂ ಇಲ್ಲ. ಮಣ್ಣು, ಅಕ್ಕಿ, ಹಾಳೆ, ಚೊಗರು ಊರದ್ದು. ಪೇಟೆಯಿಂದ ಬೇಕಾದದ್ದು ಒಂದು ರೀಮು ದಪ್ಪ ಕಾಗದ, ಮೊಂಡು ಮೂತಿಯ ಆರೇಳು ಕತ್ತರಿ, ಒಂದು ಡಬ್ಬ ಕ್ರೆಯಾನ್ಸು.

ಕ್ರೆಯಾನ್ಸಿನ ವಿಷಯದಲ್ಲಿ ಒಂದು ಒಳ್ಳೆ ಸುದ್ದಿ ಹಳೆಯದಾಗುತ್ತಿದೆ. ಪೆನ್ಸಿಲ್, ಕ್ರೆಯಾನ್ಸ್, ಪ್ಯಾಸ್ಟೆಲ್, ಶಾರ್ಪ್‌ನರ್, ರಬ್ಬರ್, ನೋಟ್‌ಬುಕ್ ಇವುಗಳ ಮೇಲಿನ ಜಿಎಸ್‌ಟಿ ಸೊನ್ನೆಗೆ ಬಂದಿದೆ. ಅದೂ 2025ರ ಸೆಪ್ಟೆಂಬರ್ 22ರಿಂದಲೇ, ಮಾಸ್ತರು ಸಮೀಕ್ಷೆಗೆ ಹೊರಟ ಅದೇ ದಿನ. ಇನ್ನೊಂದು ಕಡೆ, ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧದ ಪಟ್ಟಿಯಲ್ಲಿದೆ. ಶಾಲೆಯ ಮಾಡೆಲ್ಲು ಪ್ರದರ್ಶನ ಮುಗಿದ ಮರುದಿನ ಎಲ್ಲಿ ಹೋಗುತ್ತದೆ ಅನ್ನುವುದು ಚರಂಡಿ ನೋಡಿದವರಿಗೆ ಗೊತ್ತು. ಸಿ.ಪಿ. ಬಜಾರಿನ ಅಂಗಡಿಯವರಿಗಾಗಲಿ ಯಲ್ಲಾಪುರ ಪೇಟೆಯವರಿಗಾಗಲಿ ಇದರಿಂದ ವ್ಯಾಪಾರ ಹೋಗುತ್ತದೆ ಅಂತ ಹೆದರಬೇಕಾಗಿಲ್ಲ. ವರ್ಷಕ್ಕೆ ಎರಡು ಸಲ ಒಬ್ಬ ಅಪ್ಪ ಒಯ್ಯುವ ಥರ್ಮೋಕೋಲಿಗಿಂತ ವಾರಾ ವಾರಾ ಶಾಲೆ ಒಯ್ಯುವ ಕಾಗದ, ಅಂಟು, ಬ್ರಶ್ಶಿನ ಗಿರಾಕಿ ಗಟ್ಟಿ. ಶೋರೂಮಿನಲ್ಲಿ ಮಡಿಸಿ ಮೂಲೆಗಿಡುವ ರಟ್ಟಿನ ಪೆಟ್ಟಿಗೆ, ಟೈಲರ್ ಅಂಗಡಿಯ ಚಿಂದಿ ಬಟ್ಟೆ, ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದದ ಪಟ್ಟಿ ಇವು ಶಾಲೆಗೆ ಬೇಕು. ಅಂಗಡಿಯವರು ಇದನ್ನು ಗುಜರಿಗೆ ಹಾಕುವ ಮೊದಲು ಹತ್ತಿರದ ಶಾಲೆಗೆ ಒಂದು ಫೋನ್ ಮಾಡಿದರೆ ಖರ್ಚೇನೂ ಇಲ್ಲ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದ ಅರವಿಂದ ಗುಪ್ತ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ಬಳಸಿದ್ದೂ ಇಂಥದ್ದನ್ನೇ.

ಪಾಲಕರಲ್ಲಿ ಒಂದು ಪ್ರಶ್ನೆ ಇದ್ದೇ ಇದೆ. "ಮಣ್ಣಾಟ ಆಡಕ್ಕೆ ಶಾಲೆಗೆ ಕಳಿಸ್ಬೇಕಾ, ಇಂಗ್ಲಿಷ್ ಬರ್ತದ್ಯಾ ಅದ್ರಿಂದ?" ಇಂಗ್ಲಿಷ್ ಬರುವುದಿಲ್ಲ. ಕಲೆ ಕಲಿಸಿದರೆ ದಾಖಲಾತಿ ಏರುತ್ತದೆ, ಶಾಲೆ ಉಳಿಯುತ್ತದೆ ಅಂತಲೂ ಹೇಳಲು ಬರುವುದಿಲ್ಲ. ಆದರೆ ಮಣ್ಣು ನಾದಿದ, ಕತ್ತರಿ ಹಿಡಿದ ಬೆರಳಿಗೆ ಪೆನ್ಸಿಲ್ ಹಿಡಿತ ಬೇಗ ಬರುತ್ತದೆ, ಇದು ಒಂದನೇ ತರಗತಿ ನೋಡಿಕೊಂಡ ಯಾವ ಅಕ್ಕೋರನ್ನು ಕೇಳಿದರೂ ಹೇಳುತ್ತಾರೆ. ಓದಿನಲ್ಲಿ ಹಿಂದೆ ಕೂರುವ ಮಗು ಬುಟ್ಟಿಗೆ ಗೆರೆ ಎಳೆಯುವಾಗ ಮುಂದೆ ಬಂದು ಕೂರುವುದನ್ನೂ ನೋಡಿರುತ್ತಾರೆ.

ಇದು ನಮ್ಮ ಕಡೆಗೆ ಹೊಸ ವಿಚಾರವೂ ಅಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಚಿತ್ರ, ನಾಟಕದ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗ ಮಾಡಿದ್ದು ಸ್ವಾತಂತ್ರ್ಯಕ್ಕೂ ಮುಂಚೆ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕೆಲಸವೇ ಶಿಕ್ಷಣದ ನಡುಗಂಬ ಅಂದರು. ಶಾಲೆಯಲ್ಲಿ ತಕಲಿ ತಿರುಗಿಸಿದ ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ತಕಲಿ ಯಾಕೆ ನಿಂತಿತು ಅಂತ ಅವರನ್ನು ಕೇಳಿದರೆ, ಕೊನೆಕೊನೆಗೆ ನೂಲು ಎಷ್ಟು ಉದ್ದ ಅನ್ನುವುದೊಂದೇ ಲೆಕ್ಕಕ್ಕೆ ಬಂತು ಅನ್ನುತ್ತಾರೆ. ಈಗಿನ ಮಾಡೆಲ್ ಪ್ರದರ್ಶನಕ್ಕೂ ಅದೇ ರೋಗ, ಎಷ್ಟು ಮಿಂಚುತ್ತದೆ ಅನ್ನುವುದೊಂದೇ ಲೆಕ್ಕ. ಒಂದು ಸಣ್ಣ ಬದಲಾವಣೆ ಶಾಲೆಯ ಕೈಯಲ್ಲೇ ಇದೆ: ಪ್ರಾಜೆಕ್ಟು ಮನೆಗೆ ಕೊಡುವುದು ನಿಲ್ಲಿಸಿ, ಶಾಲೆಯಲ್ಲೇ ಮಾಡಿಸುವುದು. ಜ್ವಾಲಾಮುಖಿ ಡೊಂಕಾಗಲಿ. ಅದಕ್ಕೆ ಡಿಡಿಪಿಐ ಆದೇಶ ಬೇಕಾಗಿಲ್ಲ, ಹೆಡ್ ಮಾಸ್ತರು ಒಂದು ಮಾತು ಹೇಳಿದರೆ ಆಯಿತು.

ಮಣ್ಣಿನ ಕೆಲಸ ಮಾಡಿಸಬೇಕೆಂದಿರುವ ಶಾಲೆಗಳಿಗೆ ಮಾತ್ರ ಸಮಯ ಕಡಿಮೆ ಇರುತ್ತದೆ. ಗದ್ದೆಯ ಅಂಟು ಮಣ್ಣು ತೆಗೆಯುವುದು ಮೇ ತಿಂಗಳೊಳಗೆ ಆಗಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಗದ್ದೆ ನೀರಡಿ, ಆಮೇಲೆ ನಾಟಿ, ಚೌತಿವರೆಗೆ ಯಾರೂ ಮಣ್ಣು ಕೊಡುವುದಿಲ್ಲ. ಕಲ್ಲು ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಶಾಲೆಯ ಜಗಲಿಯ ಮೂಲೆಯಲ್ಲಿಟ್ಟರೆ ಮಳೆಗಾಲ ಪೂರ್ತಿ ಬರುತ್ತದೆ. ಎರಡು ಗೋಣಿ ಸಾಕು.